ಧ್ವನಿಪೆಟ್ಟಿಗೆಗೆ ಎಂತಹ ತಂತಿ?

ಶಬ್ದವು ಆಕಾಶದ ಗುಣವೆಂದು ನಮ್ಮ ತರ್ಕಶಾಸ್ತ್ರಕಾರರು ಹೇಳಿರುತ್ತಾರೆ. ಆ ಮಾತು ಹೇಗೆಯೇ ಇರಲಿ, ನಮ್ಮ ಮನೆಗಳಲ್ಲಿ ಯಂತ್ರದ ಮೂಲಕ ಕೇಳಿಬರುವ ಹಾಡೂ ಮಾತೂ ಆಕಾಶವನ್ನು ಸೇರುವುದಕ್ಕೆ ಮೊದಲು ಕೆಲವು ಮೀಟರು ತಂತಿಯಲ್ಲಿ ಹಾದು ಬರಬೇಕಾಗುತ್ತದೆ. ಆಂಪ್ಲಿಫೈಯರಿನಿಂದ ಸ್ಪೀಕರಿನ ಪೆಟ್ಟಿಗೆಯವರೆಗೆ ಹೋಗುವ ಈ ಜೋಡಿ ತಂತಿಯನ್ನು ಮನೆಯಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಅದನ್ನು ಕೊಳ್ಳಲು ಹೋದವರಿಗೆ ಬೇರೊಂದು ಪ್ರಪಂಚವೇ ಕಾಣುತ್ತದೆ. ಒಂದೇ ಅಂಗಡಿಯಲ್ಲಿ, ಒಂದೇ ಕೆಲಸಕ್ಕಾಗಿ ಇರುವ ಎರಡು ತಂತಿಗಳಲ್ಲಿ ಒಂದರ ಬೆಲೆಯು ಇನ್ನೊಂದರ ಎಂಟು ಹತ್ತು ಪಟ್ಟು ಇರುವುದುಂಟು. ಯಾವುದನ್ನು ಕೊಂಡರೆ ಸರಿ? ಈ ಪ್ರಶ್ನೆಯು ಕಳೆದ ವರ್ಷ ನಮ್ಮ ಮನೆಗೂ ಬಂದಿತು. ಅದನ್ನು ಬಿಡಿಸಿಕೊಂಡ ಬಗೆಯನ್ನು ಬರೆದರೆ ಸಂಸಾರ ತೂಗಿಸುವ ಇತರರಿಗೂ ಉಪಯೋಗವಾದೀತೆಂದು ಈ ಲೇಖನ.

ನಾವಿರುವುದು ಬೆಳುವಾಯಿಯಲ್ಲಿ; ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯ ಊರು. ಕೆಂಪುಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಮುಂದುಗಡೆ ಚಾವಡಿ, ಹಿಂದುಗಡೆ ಕೋಣೆಗಳು, ಸುತ್ತ ಅಡಿಕೆ ತೋಟ. ನಮ್ಮ ಅತ್ತೆಯವರಿಗೆ ಯಕ್ಷಗಾನವೆಂದರೆ ಪ್ರಾಣ. ಕಟೀಲು ಮೇಳದ ಬಲಿಪ ನಾರಾಯಣ ಭಾಗವತರು ನಮ್ಮ ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿಯೇ ನೆಲೆಸಿದ್ದವರು. ೧೯೩೮ರಲ್ಲಿ ಹುಟ್ಟಿ ೨೦೨೩ರಲ್ಲಿ ತೀರಿಕೊಂಡರು. ಅವರ ಏರುಕಂಠದ ಪದವನ್ನು ಕೇಳುವುದಕ್ಕಾಗಿ ಗದ್ದೆಯಂಚಿನಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಕುಳಿತ ರಾತ್ರಿಗಳ ಲೆಕ್ಕವನ್ನು ಅತ್ತೆಯವರು ಈಗಲೂ ಹೇಳಬಲ್ಲರು. ಆ ಕಂಠವು ಇನ್ನು ಧ್ವನಿಮುದ್ರಣಗಳಲ್ಲಿ ಮಾತ್ರವೇ ಉಂಟು.

ಕಳೆದ ವರ್ಷ ಆಟಿಯ ಮಳೆಯಲ್ಲಿ ಅತ್ತೆಯವರು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಹಿಂದಿನ ಕೋಣೆಯೇ ಅವರ ಲೋಕವಾಯಿತು. ಯಂತ್ರವಿರುವುದು ಚಾವಡಿಯಲ್ಲಿ. ಮಾವನವರು ಅಲ್ಲಿ ಆರಾಮಕುರ್ಚಿಯಲ್ಲಿ ಕುಳಿತು ಪ್ರಸಂಗವನ್ನು ಆರಿಸಿ ಹಾಕುವರು, ಅತ್ತೆಯವರು ಕೇಳುವರು. ಇದು ಆ ದಂಪತಿಗಳಲ್ಲಿ ಹಲವು ವರ್ಷಗಳಿಂದ ನಡೆದುಬಂದ ಕ್ರಮ. ಈಗ ಎರಡು ಗೋಡೆಗಳನ್ನು ದಾಟಿ ಕೋಣೆಗೆ ಹೋಗುತ್ತಿದ್ದುದು ಚೆಂಡೆಯ ಪೆಟ್ಟು ಮಾತ್ರ. ಪದವೂ ಇಲ್ಲ, ಅರ್ಥವೂ ಇಲ್ಲ. ಯಂತ್ರವನ್ನೇ ಒಳಗೆ ಒಯ್ಯೋಣವೆಂದರೆ ಮಂಚ, ಔಷಧದ ಮೇಜು, ನಡೆಯಲು ಕೊಟ್ಟ ಊರುಗೋಲು ಇವುಗಳ ನಡುವೆ ಸ್ಥಳವಿಲ್ಲ. ಅಲ್ಲದೆ ಮಾವನವರ ಕೈಯಿಂದ ಆ ಕೆಲಸವನ್ನು ಕಿತ್ತುಕೊಳ್ಳುವುದೂ ನನಗೆ ಸರಿಯೆನಿಸಲಿಲ್ಲ. ಆದುದರಿಂದ ಅತ್ತೆಯವರ ಕೋಣೆಯಲ್ಲಿ ಎರಡು ಸಣ್ಣ ಪೆಟ್ಟಿಗೆಗಳನ್ನು ಗೋಡೆಗೆ ಹಾಕಿ, ಚಾವಡಿಯಿಂದ ತಂತಿ ಎಳೆಯುವುದೆಂದು ನಿಶ್ಚಯಿಸಿದೆವು.

ಮಂಗಳೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಅಲ್ಲಿಯ ತರುಣನು ಬೆರಳು ಗಾತ್ರದ, ರೇಷ್ಮೆಯಂತಹ ಜಾಲರಿ ಹೊದಿಸಿದ ತಂತಿಯೊಂದನ್ನು ತೋರಿಸಿದನು. ಮೀಟರಿಗೆ ೬೦೦ ರೂಪಾಯಿ. ನಮಗೆ ಬೇಕಾದುದು ೩೦ ಮೀಟರು. ಅಲ್ಲಿಗೆ ೧೮,೦೦೦ ರೂಪಾಯಿ ಆಯಿತು. ಆ ಸಲ ಅಡಿಕೆಗೆ ಕೊಳೆರೋಗ ಹಿಡಿದು ಫಸಲಿನ ಅರ್ಧವೂ ಕೈಸೇರಿರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಮೈದುನನು ಫೋನಿನಲ್ಲಿ, “ಅತ್ತಿಗೆ, ಅಮ್ಮನಿಗಲ್ಲವೇ? ಅದರಲ್ಲಿಯೂ ಲೆಕ್ಕ ನೋಡುವುದುಂಟೇ?” ಎಂದನು. ಅವನದು ತಾಯಿಯ ಮೇಲಿನ ಪ್ರೀತಿಯೇ ಹೊರತು ಬೇರೆಯಲ್ಲ. ಆದರೂ ಅತ್ತೆಗೆ ತರುವ ವಸ್ತುವಿನ ಬೆಲೆಯನ್ನು ಸೊಸೆಯಾದವಳು ಎರಡು ಸಲ ಕೇಳಿದರೆ ಲೋಕವು ಅದಕ್ಕೆ ಯಾವ ಹೆಸರನ್ನು ಇಡುವುದೆಂಬುದು ಓದುಗರಾದ ಸೋದರಿಯರಿಗೆ ಗೊತ್ತಿದ್ದುದೇ. ಮಗನು ಲೆಕ್ಕ ಹಾಕಿದರೆ ಜಾಣತನ, ಸೊಸೆಯು ಹಾಕಿದರೆ ಜಿಪುಣತನ. ಹೀಗಿರುವಲ್ಲಿ, ಅಗ್ಗದ್ದನ್ನು ಕೊಳ್ಳುವುದಾದರೆ ಅದು ಏಕೆ ಸಾಕಾಗುವುದೆಂಬುದನ್ನು ನಾನು ಮೊದಲು ತಿಳಿದಿರಬೇಕು, ಸಾಕಾಗದಿದ್ದರೆ ೧೮,೦೦೦ವನ್ನು ಹೇಗಾದರೂ ಹೊಂದಿಸಬೇಕು ಎಂದು ನಿಶ್ಚಯಿಸಿ ಲೆಕ್ಕಕ್ಕೆ ಕುಳಿತೆನು.

ಲೆಕ್ಕವೇನೋ ಶಾಲೆಯಲ್ಲಿ ಕಲಿತದ್ದೇ. ಜರ್ಮನಿಯ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮವೇ ಇದಕ್ಕೆ ಆಧಾರ. ತಂತಿಯು ಉದ್ದವಾದಷ್ಟೂ ವಿದ್ಯುತ್ತಿಗೆ ಅದರ ತಡೆ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ತೋಟಕ್ಕೆ ನೀರು ಹಾಯಿಸುವ ಕೊಳವೆಯನ್ನು ಕಂಡವರಿಗೆ ಇದು ಹೊಸತಲ್ಲ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯು ಒಂದು ಮೀಟರಿಗೆ ೦.೦೧೭ ಓಮಿನಷ್ಟು ತಡೆ ಕೊಡುತ್ತದೆಂದು ೧೯೧೩ರಲ್ಲಿಯೇ ಅಂತರರಾಷ್ಟ್ರೀಯ ಮಾನವೊಂದನ್ನು ಗೊತ್ತುಮಾಡಿದ್ದಾರೆ. ಇನ್ನು ಪೆಟ್ಟಿಗೆಯ ತಡೆಯು ಅದರ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ೮, ೬ ಅಥವಾ ೪ ಓಮು. ತಂತಿಯ ತಡೆಯು ಪೆಟ್ಟಿಗೆಯ ತಡೆಯಲ್ಲಿ ಇಪ್ಪತ್ತರಲ್ಲೊಂದು ಪಾಲನ್ನು ಮೀರದಿದ್ದರೆ ಸಾಕೆಂಬುದು ಬಲ್ಲವರ ರೂಢಿ. ಮೀರಿದರೆ ಧ್ವನಿಯು ತಗ್ಗುವುದಲ್ಲದೆ, ಪೆಟ್ಟಿಗೆಯ ತಡೆಯು ಎಲ್ಲ ಸ್ವರಗಳಿಗೂ ಸಮನಾಗಿಲ್ಲದ ಕಾರಣ ಮಂದ್ರ ತಾರಗಳ ಹೊಂದಿಕೆಯೂ ಸ್ವಲ್ಪ ಕದಲುತ್ತದೆ.

ನಾನು ಅಳತೆಯ ಪಟ್ಟಿ ಹಿಡಿದು, ಗೋಡೆಯ ಅಂಚಿನಲ್ಲಿ ತಂತಿಯು ಹೋಗಬೇಕಾದ ದಾರಿಯನ್ನೇ ಅಳೆದೆನು. ಚಾವಡಿಯಿಂದ ಒಂದೊಂದು ಪೆಟ್ಟಿಗೆಗೂ ೧೪ ಮೀಟರು. ವಿದ್ಯುತ್ತು ಹೋಗಿ ಬರಬೇಕಾದುದರಿಂದ ಲೆಕ್ಕಕ್ಕೆ ೨೮ ಮೀಟರು ಹಿಡಿಯಬೇಕು. ನಮ್ಮ ಪೆಟ್ಟಿಗೆಗಳು ೮ ಓಮಿನವು. ಇಪ್ಪತ್ತರಲ್ಲೊಂದು ಪಾಲೆಂದರೆ ೦.೪ ಓಮು. ಮನೆಯಲ್ಲಿ ಬಿದ್ದಿದ್ದ ಅರ್ಧ ಚದರ ಮಿಲಿಮೀಟರಿನ ಸಪೂರ ತಂತಿಯಲ್ಲಿ ತಡೆಯು ಸುಮಾರು ೦.೯೬ ಓಮಾಗುತ್ತದೆ, ಅದು ಸಲ್ಲದು. ೧ ಚದರ ಮಿಲಿಮೀಟರಿನದರಲ್ಲಿ ೦.೪೮, ಇದೂ ಸ್ವಲ್ಪ ಮೀರಿತು. ೧.೫ರಲ್ಲಿ ೦.೩೨, ಇದು ಸಾಕು. ಪೆಟ್ಟಿಗೆಯು ೪ ಓಮಿನದಾಗಿದ್ದರೆ ೨.೫ ಚದರ ಮಿಲಿಮೀಟರಿನದು ಬೇಕಾಗುತ್ತಿತ್ತು. ಯಂತ್ರದ ಪಕ್ಕದಲ್ಲಿಯೇ, ಮೂರು ನಾಲ್ಕು ಮೀಟರಿನೊಳಗೆ ೮ ಓಮಿನ ಪೆಟ್ಟಿಗೆಯನ್ನು ಇಡುವವರಿಗೆ ೦.೭೫ರ ತಂತಿಯೂ ಧಾರಾಳವಾಯಿತು.

ಹಾಗಾದರೆ ಆ ೬೦೦ ರೂಪಾಯಿಯ ತಂತಿಯಲ್ಲಿ ಹೆಚ್ಚಿನದೇನು? ಅದರ ತಾಮ್ರದಲ್ಲಿ ಆಮ್ಲಜನಕದ ಅಂಶವಿಲ್ಲವೆಂಬುದು ಅಂಗಡಿಯ ತರುಣನ ಮುಖ್ಯ ವಾದ. ಅದು ಸುಳ್ಳಲ್ಲ. ಆದರೆ ಮನೆಯ ದೀಪಕ್ಕೆ ಎಳೆಯುವ ಒಳ್ಳೆಯ ತಂತಿಯ ತಾಮ್ರವೂ ನೂರಕ್ಕೆ ೯೯.೯ ಪಾಲು ಶುದ್ಧವಾದುದೇ. ವಿದ್ಯುತ್ತನ್ನು ಒಯ್ಯುವ ಶಕ್ತಿಯಲ್ಲಿ ಇವೆರಡಕ್ಕೂ ಇರುವ ಅಂತರವು ನೂರಕ್ಕೆ ಒಂದರಷ್ಟು. ತಂತಿಯನ್ನು ಕೂದಲೆಳೆಯಷ್ಟು ದಪ್ಪವಾಗಿ ಆರಿಸಿದರೆ ಆ ಅಂತರವೂ ಮುಚ್ಚಿಹೋಗುತ್ತದೆ. ಕಿವಿಯ ಸಾಕ್ಷ್ಯವನ್ನೂ ತೆಗೆದುಕೊಂಡವರಿದ್ದಾರೆ. ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆಯ ೧೯೮೩ರ ಆಗಸ್ಟ್ ಸಂಚಿಕೆಯಲ್ಲಿ ಲಾರೆನ್ಸ್ ಗ್ರೀನ್‌ಹಿಲ್ ಎಂಬವರು, ಯಾವ ತಂತಿಯೆಂದು ತಿಳಿಸದೆ ಕೇಳುಗರಿಗೆ ಧ್ವನಿಯನ್ನು ಕೇಳಿಸಿ ನೋಡಿದ ಪರೀಕ್ಷೆಯನ್ನು ವಿವರಿಸಿದರು. ತೀರ ಸಪೂರ ತಂತಿಯನ್ನು ಕೇಳುಗರು ಗುರುತಿಸಿದರು. ಆದರೆ ಸುಮಾರು ೧.೩ ಚದರ ಮಿಲಿಮೀಟರಿನ ಸಾಮಾನ್ಯ ತಂತಿಗೂ ಬೆಲೆಬಾಳುವ ತಂತಿಗೂ ಇರುವ ಭೇದವನ್ನು ಸಂಗೀತ ಕೇಳುವಾಗ ಅವರಿಂದ ಗುರುತಿಸಲಾಗಲಿಲ್ಲ. ನಾನು ಹಾಕಿದ ಲೆಕ್ಕವೂ ಅದನ್ನೇ ಹೇಳಿತ್ತು.

ಇಷ್ಟರಿಂದ ಅಗ್ಗವಾದುದೆಲ್ಲವೂ ಒಳ್ಳೆಯದೆಂದು ಯಾರೂ ತಿಳಿಯಬಾರದು. ಅಗ್ಗದಲ್ಲಿಯೂ ಮೋಸವುಂಟು. ಒಳಗೆ ಅಲ್ಯೂಮಿನಿಯಂ ಇಟ್ಟು ಮೇಲೆ ತಾಮ್ರವನ್ನು ಹೊದಿಸಿದ ತಂತಿಯು ಈಗ ಪೇಟೆಯಲ್ಲಿ ಧಾರಾಳವಾಗಿ ದೊರೆಯುತ್ತದೆ. ವ್ಯಾಪಾರಿಗಳು ಅದನ್ನು ಸಿ.ಸಿ.ಎ. ಎನ್ನುತ್ತಾರೆ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ತಡೆಯು ಸುಮಾರು ಒಂದೂವರೆ ಪಟ್ಟು. ಎರಡು ಮೂರು ಸಲ ಮಡಿಸಿದರೆ ಎಳೆಗಳು ಮುರಿಯುತ್ತವೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ತುದಿಗಳು ಬೇಗನೆ ಕೆಡುತ್ತವೆ. ಪರೀಕ್ಷೆ ಸುಲಭ. ಒಂದು ಎಳೆಯನ್ನು ಚೂರಿಯಿಂದ ಹೆರೆದು ನೋಡಬೇಕು. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ, ಕೆಂಪಗಿದ್ದರೆ ತಾಮ್ರ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ಅದು ತವರ ಹಚ್ಚಿದ ತಾಮ್ರ. ತೇವದ ಊರಿಗೆ ಅದು ಇನ್ನೂ ಉತ್ತಮ. ಸುರುಳಿಯನ್ನು ಕೈಯಲ್ಲಿ ತೂಗಿ ನೋಡಿದರೂ ತಿಳಿಯುತ್ತದೆ; ತಾಮ್ರವು ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಮಿಕ್ಕಿ ಭಾರ. ಎಳೆಗಳನ್ನು ಎಣಿಸುವುದೂ ಒಳ್ಳೆಯದು; ೦.೨ ಮಿಲಿಮೀಟರು ದಪ್ಪದ ೪೮ ಎಳೆಗಳು ಸೇರಿದರೆ ೧.೫ ಚದರ ಮಿಲಿಮೀಟರು ಆಗುತ್ತದೆ. ಹೊದಿಕೆಯ ಮೇಲೆ ಐ.ಎಸ್.ಐ. ಗುರುತೂ ಐ.ಎಸ್. ೬೯೪ ಎಂಬ ಸಂಖ್ಯೆಯೂ ಇದ್ದರೆ ಅಳತೆಯಲ್ಲಿ ನಂಬಿಕೆಯಿಡಬಹುದು.

ಇಷ್ಟೆಲ್ಲವನ್ನೂ ನೋಡಿಕೊಂಡು ಮೂಡುಬಿದಿರೆಯ ವಿದ್ಯುತ್ ಸಾಮಾನಿನ ಅಂಗಡಿಯಿಂದ ಎರಡೆಳೆಯ, ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಮೀಟರಿಗೆ ೭೦ ರೂಪಾಯಿಯಂತೆ ೩೦ ಮೀಟರು ತಂದೆನು, ೨,೧೦೦ ರೂಪಾಯಿ. ತಂತಿ ಹೊಡೆಯಲು ಬಂದ ಹುಡುಗನು ಮಂಗಳೂರಿನ ಬೆಲೆಯನ್ನು ಕೇಳಿ, “ಅಷ್ಟು ಹಣ ತಂತಿಗೆ ಹಾಕುವುದು ಎಂತಕ್ಕೆ ಅಕ್ಕಾ? ಅದರಲ್ಲಿ ಅರ್ಧ ಮನೆಯ ವಯರಿಂಗೇ ಆದೀತು,” ಎಂದು ನಕ್ಕನು. ಹೆಗ್ಗಣ ಇಲಿಗಳ ಬಾಯಿಗೆ ಸಿಕ್ಕದಂತೆ ಪ್ಲಾಸ್ಟಿಕ್ಕಿನ ಕೊಳವೆಯೊಳಗೆ, ದೀಪದ ತಂತಿಗಳಿಂದ ಬೇರೆಯಾಗಿ, ಅದನ್ನು ಒಯ್ದೆವು. ಎರಡು ಪೆಟ್ಟಿಗೆಗಳಿಗೂ ಕೆಂಪು ಕಪ್ಪುಗಳು ಒಂದೇ ಕ್ರಮದಲ್ಲಿ ಸೇರಬೇಕು. ಒಂದರಲ್ಲಿ ಅದಲುಬದಲಾದರೆ ಮದ್ದಳೆಯ ಗಂಭೀರವಾದ ನಾದವು ಸೊರಗಿಹೋಗುತ್ತದೆ. ಒಂದು ಬಿಡಿ ಎಳೆಯು ಪಕ್ಕದ ತಂತಿಯನ್ನು ಮುಟ್ಟಿದರೂ ಯಂತ್ರಕ್ಕೆ ಅಪಾಯ. ಆದುದರಿಂದ ತುದಿಗಳನ್ನು ಬಿಗಿಯಾಗಿ ಹುರಿಮಾಡಿ ಸಿಕ್ಕಿಸಬೇಕು. ಗೋಡೆಯ ಪ್ಲಗ್ಗಿಗೆ ಹೊಂದುವಂತಹ ಪಿನ್ನನ್ನು ಈ ತಂತಿಯ ತುದಿಗೆ ಎಂದಿಗೂ ಹಾಕಕೂಡದು. ತಿಳಿಯದ ಮಕ್ಕಳು ಅದನ್ನು ದೀಪದ ವಿದ್ಯುತ್ತಿಗೆ ಚುಚ್ಚಿಯಾರು. ಚಾವಡಿಯ ಪೆಟ್ಟಿಗೆಗಳನ್ನೂ ಒಳಗಿನವನ್ನೂ ಒಟ್ಟಿಗೆ ನುಡಿಸುವುದಾದರೆ ಯಂತ್ರವು ಅದನ್ನು ತಾಳುವುದೋ ಎಂದು ಅದರ ಹಿಂಬದಿಯ ಬರಹವನ್ನು ಓದಿ ನೋಡಬೇಕು. ಎಂಟೆಂಟು ಓಮಿನ ಎರಡು ಪೆಟ್ಟಿಗೆಗಳು ಸಮಾನಾಂತರವಾಗಿ ಸೇರಿದರೆ ಯಂತ್ರಕ್ಕೆ ನಾಲ್ಕು ಓಮಾಗಿ ಕಾಣುತ್ತದೆ.

ಆ ಸಂಜೆ ಮಾವನವರು ಚಾವಡಿಯಲ್ಲಿ ಬಲಿಪರ ಧ್ವನಿಮುದ್ರಣವನ್ನು ಹಾಕಿದರು. ನಾನು ಅತ್ತೆಯವರ ಮಂಚದ ಬಳಿ ನಿಂತಿದ್ದೆನು. ಅವರು ಕಣ್ಣು ಮುಚ್ಚಿಕೊಂಡು ಎರಡು ಪದ ಕೇಳಿದರು; ಹೊದಿಕೆಯ ಮೇಲೆ ಬೆರಳುಗಳು ತಾಳ ಹಾಕತೊಡಗಿದವು. ಆಮೇಲೆ ಕಣ್ಣು ತೆರೆಯದೆಯೇ, “ಮಾವನಿಗೆ ಹೇಳು, ಚೆಂಡೆ ಸ್ವಲ್ಪ ಜೋರಾಯಿತು,” ಎಂದರು. ಬಿದ್ದ ದಿನದಿಂದ ಅವರು ಮಾವನವರ ಮೇಲೆ ಹೊರಿಸಿದ ಮೊದಲನೆಯ ದೂರು ಅದು. ನಾನು ಓಡಿಹೋಗಿ ಹೇಳಿದೆನು. ಮಾವನವರು ಬಹಳ ಸಂತೋಷದಿಂದ ತಗ್ಗಿಸಿದರು.

ಉಳಿದ ಹಣದಲ್ಲಿ ಅತ್ತೆಯವರ ಮಂಚದಿಂದ ಬಚ್ಚಲಿನವರೆಗೂ, ಅಲ್ಲಿಂದ ಚಾವಡಿಯ ಬಾಗಿಲಿನವರೆಗೂ ಗೋಡೆಗೆ ಉಕ್ಕಿನ ಹಿಡಿಕಂಬಿಯನ್ನು ಹಾಕಿಸಿದೆವು. ಮೇಲೆ ತಂತಿ, ಕೆಳಗೆ ಕಂಬಿ, ಎರಡೂ ಒಂದೇ ಗೋಡೆಯಲ್ಲಿ. ದೀಪಾವಳಿಗೆ ಬಂದ ಮೈದುನನು ಕೋಣೆಯಲ್ಲಿ ತಾಯಿಯ ಜೊತೆ ಒಂದು ಪ್ರಸಂಗವನ್ನು ಪೂರ್ತಿಯಾಗಿ ಕೇಳಿದನು. ತಂತಿಯ ಮಾತನ್ನು ಅವನು ಎತ್ತಲಿಲ್ಲ. ಹೊರಡುವ ದಿನ ತಾಯಿಯು ಕಂಬಿಯನ್ನು ಹಿಡಿದು ಆರು ಹೆಜ್ಜೆ ನಡೆದುದನ್ನು ನೋಡಿ, “ಇದು ಒಳ್ಳೆಯದಾಯಿತು ಅತ್ತಿಗೆ,” ಎಂದನು.

ನಮ್ಮವರಿಗಾಗಿ ಎಷ್ಟು ವೆಚ್ಚ ಮಾಡಿದೆವೆಂಬುದರಿಂದ ಅಕ್ಕರೆಯನ್ನು ಅಳೆಯುವ ಅಭ್ಯಾಸವು ನಮ್ಮಲ್ಲಿ ಬೇರೂರಿಬಿಟ್ಟಿದೆ. ವ್ಯಾಪಾರವು ಅದನ್ನು ಚೆನ್ನಾಗಿ ಬಲ್ಲದು. ಅವರಿಗೆ ನಿಜವಾಗಿ ಬೇಕಾದುದೇನೆಂದು ಕುಳಿತು ಲೆಕ್ಕ ಹಾಕುವುದೂ ಅಕ್ಕರೆಯೇ. ಆದುದರಿಂದ ತಂತಿ ಕೊಳ್ಳಲು ಹೊರಡುವವರು ಮೊದಲು ದಾರಿಯನ್ನು ಅಳೆಯಲಿ; ಪೆಟ್ಟಿಗೆಯ ಬೆನ್ನಿನ ಮೇಲಿನ ಓಮನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ; ಅಂಗಡಿಯಲ್ಲಿ ಒಂದು ಎಳೆಯನ್ನು ಹೆರೆದು ನೋಡಲಿ. ಆ ಮೇಲೆ ಬೆಲೆಯನ್ನು ಕೇಳಿದರೆ ಸಾಕು.