ತಲಾವಿನ ಮೊದಲ ಮೆಟ್ಟಿಲು

ಮಳೆಗಾಲದಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮುಠಾ ನದಿ ತುಂಬಿ ಭಿಡೆ ಪೂಲ್ ಮುಳುಗುತ್ತದೆ. ಪುಣೆಯವರು ಛತ್ರಿ ಹಿಡಿದು ನೋಡಲು ಹೋಗುತ್ತಾರೆ. ಇಪ್ಪತ್ತು ವರ್ಷ ಇಲ್ಲಿದ್ದರೂ ನಾನು ಹೋದವಳಲ್ಲ. ಏಳು ವರ್ಷದವಳಿದ್ದಾಗ, ಧಾರವಾಡದ ಹತ್ತಿರದ ನಮ್ಮೂರ ಬಾವಿಗೆ ಸೋದರಮಾವ 'ಬಿದ್ರ ತಾನ ಈಜತಾಳ' ಎಂದು ನನ್ನನ್ನು ಎತ್ತಿ ಒಗೆದಿದ್ದ. ಕೂಡಲೇ ಹಾರಿ ಮೇಲೆತ್ತಿದ, ನಿಜ. ಆದರೆ ಆ ಎರಡು ಕ್ಷಣದ ಹೆದರಿಕೆ ನಲವತ್ತು ವರ್ಷ ನನ್ನ ಜೊತೆಗೇ ಬಂತು.

ಕಳೆದ ಬೇಸಿಗೆಯಲ್ಲಿ ಮಗಳು ಕೋಥ್ರೂಡಿನ ಈಜುಕೊಳವೊಂದರ ಹೆಂಗಸರ ಬ್ಯಾಚಿಗೆ ನನ್ನ ಹೆಸರು ಬರೆಸಿದಳು. ಮರಾಠಿಯಲ್ಲಿ ಈಜುಕೊಳಕ್ಕೂ 'ತಲಾವ್' ಎಂದೇ ಹೆಸರು; ಕೇಳಿಯೇ ಕೈಕಾಲು ತಣ್ಣಗಾದವು. ಕಲಿಸುವವರನ್ನು ಎಲ್ಲರೂ 'ತಾಈ' ಎನ್ನುತ್ತಿದ್ದರು. ಅಕ್ಕ ಎಂದರ್ಥ, ನನ್ನ ಕಿವಿಗೆ ಮಾತ್ರ 'ತಾಯಿ'.

ತಾಈ ಮೊದಲ ದಿನ ನೀರಿಗಿಳಿಸಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ಕಾಲು ಅದ್ದಿದ್ದಷ್ಟೇ. ಮರುದಿನ ಸೊಂಟಮಟ್ಟದ ನೀರಿನಲ್ಲಿ ಕಂಬಿ ಹಿಡಿದು, ಮುಖ ಮುಳುಗಿಸಿ, ಬಾಯಿಂದ ಗುಳ್ಳೆ ಬಿಡುವುದು. ಹೆದರಿದವರು ಮೈ ಬಿಗಿದು ತಲೆ ಮೇಲೆತ್ತುತ್ತಾರೆ. ತಲೆ ಎತ್ತಿದಷ್ಟೂ ಕಾಲು ಕೆಳಗಿಳಿಯುತ್ತದೆ. ಕಿವಿ ನೀರಿನಲ್ಲಿಟ್ಟು, ಎದೆ ತುಂಬ ಗಾಳಿ ತೆಗೆದುಕೊಂಡು ಅಂಗಾತ ಮಲಗಿದರೆ ಮೈ ತೇಲತೊಡಗುತ್ತದೆ. ಊರಲ್ಲಿ ಈಜು ಕಲಿಯುವವರಿಗೆ ಕಟ್ಟುತ್ತಿದ್ದ ಸೋರೆಬುರುಡೆಯ ಕೆಲಸವನ್ನು ಎದೆಯೊಳಗಿನ ಗಾಳಿಯೇ ಮಾಡುತ್ತದೆ.

ಬ್ಯಾಚಿನಲ್ಲಿ ನಾರಾಯಣ ಪೇಠೆಯ ಆಜಿಯೊಬ್ಬರಿದ್ದರು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಆ ನೀರಿಗೆ ಖಡಕ್‌ವಾಸ್ಲಾವೂ ಒಡೆದು, ನದಿ ಪೇಠೆಗಳೊಳಗೆ ನುಗ್ಗಿದಾಗ ಅವರಿಗೆ ಆರು ವರ್ಷ. ಅಪ್ಪನ ಹೆಗಲ ಮೇಲೆ ಕೂತು, ಮನೆಯ ಪಾತ್ರೆಗಳು ತೇಲಿಹೋಗುವುದನ್ನು ಕಂಡವರು. ಐದು ದಿನ ಅವರು ಮೊದಲ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ತಾಈ ಒಮ್ಮೆಯೂ ಅವಸರ ಮಾಡಲಿಲ್ಲ. ಆರನೆಯ ದಿನ ಆಜಿ ನನ್ನ ಕೈ ಹಿಡಿದು, 'ತೂ ಚಲ್, ಮೀ ಯೇತೇ' ಎಂದರು: ನೀ ನಡಿ, ನಾ ಬರ್ತೀನಿ. ಇಬ್ಬರೂ ನಡುಗುತ್ತಲೇ ಇಳಿದೆವು.

ನನಗೆ ಈಜು ಇನ್ನೂ ಪೂರ್ತಿ ಬಂದಿಲ್ಲ. ತೇಲುವುದು ಬಂದಿದೆ. ಈ ಮಳೆಗಾಲ ಭಿಡೆ ಪೂಲ್ ಮುಳುಗಿದ ಸಂಜೆ, ಮೊದಲ ಸಲ ಲಕ್ಡಿ ಪೂಲಿನ ಮೇಲೆ ನಿಂತು ಮುಠೆಯನ್ನು ನೋಡಿದೆ. ತುಂಬಿದ ಹೊಳೆಗೆ ಹೆದರಬೇಕು, ಅದು ಜಾಣತನ. ಸೊಂಟಮಟ್ಟದ ನೀರಿಗೂ ಹೆದರಿ ಬದುಕಬೇಕಿಲ್ಲ.

ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ಈಜು ಕಲಿಸುವಿರಾ? ದಯವಿಟ್ಟು ಎತ್ತಿ ಒಗೆಯಬೇಡಿ. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತುಕೊಳ್ಳಿ.