ಅಂಗಳದ ನೀರು ಯಾರ ಗೋಡೆಗೆ?

ಮನೆ ಮುಂದೆ ಇಂಟರ್‌ಲಾಕ್ ಹಾಕಿಸುವವರು ಈಗ ನಮ್ಮ ತುಮಕೂರು ಕಡೆಯ ಹಳ್ಳಿಗಳಲ್ಲೂ ಜಾಸ್ತಿ. ಬಣ್ಣ ಯಾವುದು, ಡಿಸೈನ್ ಯಾವುದು, ಚದರಡಿಗೆ ಎಷ್ಟು? ಇಷ್ಟನ್ನು ಎಲ್ಲರೂ ಕೇಳುತ್ತಾರೆ. ಕೆಳಗೆ ಏನು ಹಾಕುತ್ತೀರಿ, ಮಳೆ ನೀರು ಯಾವ ಕಡೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಕಳೆದ ಬೇಸಿಗೆಯಲ್ಲಿ ನಮ್ಮ ಅಂಗಳದ ಕೆಲಸ ಮಾಡಿಸಿದಾಗ ಈ ಎರಡು ಪ್ರಶ್ನೆಗಳೇ ಎಲ್ಲವನ್ನೂ ತೀರ್ಮಾನಿಸಿದವು. ನಿಮಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ನಮಗಿದು ಶೋಕಿಯ ಕೆಲಸ ಆಗಿರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಕೋಲು ಹಿಡಿದೇ ನಡೆಯುತ್ತಾರೆ. ಮಳೆ ಬಂದರೆ ಗೇಟಿನಿಂದ ಜಗಲಿವರೆಗೂ ಕೆಸರು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದ ಆಟೊ ಗೇಟಿನಲ್ಲೇ ನಿಲ್ಲುತ್ತಿತ್ತು. ಉದ್ದ 40 ಅಡಿ, ಅಗಲ 12 ಅಡಿ, ಒಟ್ಟು 480 ಚದರಡಿ ಜಾಗ. ಅಮ್ಮ ಸಂಘದಲ್ಲಿ ಎತ್ತಿದ 40,000 ರೂಪಾಯಿ ಸಾಲವೇ ಬಂಡವಾಳ. ನನ್ನ ದುಡಿಮೆ ಪತ್ರಿಕೆಯಲ್ಲಿ ಬಂದ ಸುದ್ದಿಯ ಸೆಂಟಿಮೀಟರ್ ಲೆಕ್ಕದ್ದು. ಕೆಟ್ಟರೆ ಎರಡನೇ ಸಲ ಮಾಡಿಸುವ ಶಕ್ತಿ ನಮಗಿಲ್ಲ.

ಮೊದಲು ಯಾವುದನ್ನು ಹಾಕಿಸುವುದು ಎಂಬ ಚರ್ಚೆ. ಕಾಂಕ್ರೀಟ್ ಗಟ್ಟಿ, ಕಳೆ ಬೆಳೆಯಲ್ಲ. ಆದರೆ ನಮ್ಮ ಅಂಗಳದ ಕೆಳಗೇ ನಲ್ಲಿ ಪೈಪ್ ಹೋಗಿದೆ. ಪೈಪ್‌ಗಾಗಿ ಹೊಸ ಸಿಸಿ ರಸ್ತೆ ಒಡೆದು, ಆಮೇಲೆ ಸಿಮೆಂಟ್ ತೇಪೆ ಹಾಕಿದ್ದನ್ನು ನಾನೇ ಎಷ್ಟೋ ಸಲ ವರದಿ ಮಾಡಿದ್ದೇನೆ. ಕಲ್ಲು ಚಪ್ಪಡಿ ತಲೆಮಾರು ಬಾಳುತ್ತದೆ. ಆದರೆ ಏರುಪೇರಾದ ಸಂದುಗಳಿಗೆ ಅಪ್ಪನ ಕೋಲು ಸಿಕ್ಕಿಕೊಳ್ಳುತ್ತದೆ. ಪಾಲಿಶ್ ಮಾಡಿದ ಕಲ್ಲು ಒದ್ದೆಯಾದರೆ ಜಾರುತ್ತದೆ. ಬರೀ ಜಲ್ಲಿ ಹರಡಿದರೆ ಕೋಲು ನಿಲ್ಲುವುದೇ ಇಲ್ಲ. ಇಂಟರ್‌ಲಾಕ್ ಬ್ಲಾಕ್ ಆದರೆ ಒರಟಾಗಿರುತ್ತದೆ, ಪೈಪ್ ಒಡೆದರೆ ನಾಲ್ಕು ಬ್ಲಾಕ್ ಎತ್ತಿ ರಿಪೇರಿ ಮಾಡಿ ಮತ್ತೆ ಕೂರಿಸಬಹುದು. ಸಂದಿನಲ್ಲಿ ಹುಲ್ಲು ಬರುತ್ತದೆ, ತಳ ಸರಿ ಇಲ್ಲದಿದ್ದರೆ ಕುಸಿಯುತ್ತದೆ. ಎಲ್ಲ ಯೋಚಿಸಿ ಅದನ್ನೇ ಒಪ್ಪಿದೆವು.

ಕೆಲಸಕ್ಕೆ ಮೂವರನ್ನು ವಿಚಾರಿಸಿದೆ. ಒಬ್ಬರು ಜಾಗ ನೋಡದೆ ಫೋನಿನಲ್ಲೇ ಚದರಡಿಗೆ 65 ರೂಪಾಯಿ ಎಂದರು. ಕೆಳಗೆ ಏನು ಹಾಕುತ್ತೀರಿ ಎಂದರೆ, "ಮಣ್ಣು ಮಟ್ಟ ಮಾಡಿ ಡಸ್ಟ್ ಹಾಕಿ ಕೂರಿಸ್ತೀವಿ, ಏನೂ ಆಗಲ್ಲ ಬಿಡಿ ಸಾರ್" ಎಂದರು. ಇನ್ನೊಬ್ಬರು ಮುಕ್ಕಾಲು ದುಡ್ಡು ಮುಂಗಡ ಕೇಳಿದರು. ಮೂರನೆಯವರು ವಯಸ್ಸಾದ ಮೇಸ್ತ್ರಿ. ಬಂದವರೇ ನೀರಿನ ಟ್ಯೂಬ್ ಹಿಡಿದು ಅಂಗಳದ ನಾಲ್ಕೂ ಮೂಲೆಯ ಮಟ್ಟ ನೋಡಿದರು. ಆಮೇಲೆ, "ನೀರೆಲ್ಲಾ ಪಕ್ಕದ ಮನೆ ಗೋಡೆ ಕಡೆಗೇ ಇಳಿಜಾರು ಐತೆ. ಇದ್ದಂಗೇ ಹಾಕಿದ್ರೆ ಆ ಗೋಡೆ ಉಳಿಯಾಕಿಲ್ಲ ಸಾರ್" ಎಂದರು.

ಪಕ್ಕದ ಮನೆ ನಮ್ಮ ಚಿಕ್ಕಪ್ಪನದು. ಮಣ್ಣಿನ ಗೋಡೆ. ಜಮೀನು ಭಾಗ ಆದಾಗಿನಿಂದ ಎರಡೂ ಮನೆಗೆ ಮಾತಿಲ್ಲ. ಇಷ್ಟು ದಿನ ಮಣ್ಣಿನ ಅಂಗಳ ಒಂದಿಷ್ಟು ನೀರನ್ನಾದರೂ ಕುಡಿಯುತ್ತಿತ್ತು. ಬ್ಲಾಕ್ ಹಾಕಿದ ಮೇಲೆ ಸಂದಿನಲ್ಲಿ ಇಂಗುವುದು ಸ್ವಲ್ಪ, ಹರಿಯುವುದೇ ಹೆಚ್ಚು. ಲೆಕ್ಕ ಹಾಕಿ ನೋಡಿದೆ. 480 ಚದರಡಿ ಜಾಗದಲ್ಲಿ ಒಂದು ಇಂಚು ಮಳೆ ಬಿದ್ದರೆ 1,100 ಲೀಟರಿಗೂ ಜಾಸ್ತಿ ನೀರು. ಒಂದು ದೊಡ್ಡ ಸಿಂಟೆಕ್ಸ್ ಟ್ಯಾಂಕ್ ತುಂಬುವಷ್ಟು.

ಹನ್ನೆರಡು ಅಡಿ ಅಗಲಕ್ಕೆ ಮೂರು ಇಂಚು ಇಳಿಜಾರು ಕೊಟ್ಟು, ನೀರನ್ನು ಈ ಕಡೆಯ ತೆಂಗಿನ ಮರದ ಪಾತಿಗೆ ತಿರುಗಿಸಬೇಕು, ಅದಕ್ಕೆ ಆ ಕಡೆ ಇನ್ನೂ ಅಗೆಯಬೇಕು ಎಂದರು ಮೇಸ್ತ್ರಿ. ಅವರ ರೇಟು 85 ರೂಪಾಯಿ. ಒಟ್ಟು 40,800. ಮೊದಲಿನವರಿಗಿಂತ 9,600 ಜಾಸ್ತಿ.

ಅಮ್ಮ ಸಿಟ್ಟಾದಳು. "ಅವ್ರು ನಮ್ಮ ಮುಖ ನೋಡಲ್ಲ. ಅವ್ರ ಗೋಡೆ ಉಳ್ಸಕ್ಕೆ ನಾನ್ಯಾಕೆ ಸಾಲ ತೀರಿಸ್ಲಿ?" ಅಪ್ಪನಿಗೆ ಮಾತು ಸಲೀಸಾಗಿ ಬರುವುದಿಲ್ಲ. ನಿಧಾನಕ್ಕೆ ಹೇಳಿದರು: "ಅದು ನಮ್ಮಪ್ಪ ಕಟ್ಟಿದ ಗೋಡೆ ಕಣೇ." ಅಮ್ಮ ಮತ್ತೆ ಮಾತಾಡಲಿಲ್ಲ. ಮೇಲಿನ 800 ರೂಪಾಯಿಯನ್ನು ತಾನೇ ತಂದುಕೊಟ್ಟಳು.

ಮೇಸ್ತ್ರಿ ಒಳ್ಳೆಯವರು ಎಂದು ಬಾಯಿಮಾತಿಗೆ ಬಿಡಲಿಲ್ಲ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ನೀವೂ ಇಷ್ಟನ್ನು ಬರೆಸಿಕೊಳ್ಳಿ.

ಎಷ್ಟು ಚದರಡಿ, ಅಳತೆ ಯಾವಾಗ, ಯಾರ ಮುಂದೆ. ಬ್ಲಾಕ್ ಎಷ್ಟು ದಪ್ಪ: ಕಾರು, ಆಟೊ ಬರುವ ಜಾಗಕ್ಕೆ 60 ಮಿ.ಮೀ., ತುಂಬಿದ ಟ್ರ್ಯಾಕ್ಟರ್ ಬರುವುದಾದರೆ 80 ಮಿ.ಮೀ. ಈ ಬ್ಲಾಕ್‌ಗಳಿಗೆ ಐಎಸ್ 15658 ಎಂಬ ಮಾನಕ ಇದೆ, ಅದರ ಪ್ರಕಾರ ಮಾಡಿದ್ದಾ ಎಂದು ಕೇಳಿ. ಎಷ್ಟು ಆಳ ಅಗೆಯುತ್ತಾರೆ, ಜಲ್ಲಿ ಎಷ್ಟು ಇಂಚು, ಅದರ ಮೇಲೆ ಎಂ-ಸ್ಯಾಂಡ್ ಎಷ್ಟು. ನಮ್ಮದಕ್ಕೆ ಜಲ್ಲಿ, ಡಸ್ಟ್ ಬೆರೆಸಿ ಗುದ್ದಿದ ತಳ ಐದು ಇಂಚು, ಮೇಲೆ ಒಂದೂವರೆ ಇಂಚು ಎಂ-ಸ್ಯಾಂಡ್. ಅಂಚಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಕರ್ಬ್ ಕಲ್ಲು ಇರಲೇಬೇಕು, ಇಲ್ಲದಿದ್ದರೆ ಬ್ಲಾಕ್‌ಗಳು ಪಕ್ಕಕ್ಕೆ ಸರಿಯುತ್ತವೆ. ಕಂಪಿಸುವ ಯಂತ್ರದಲ್ಲಿ ಕೂರಿಸುವುದು, ಸಂದಿಗೆ ಸಣ್ಣ ಮರಳು ತುಂಬುವುದು, ಇಳಿಜಾರು ಯಾವ ಕಡೆಗೆ ಎಂಬುದೂ ಹಾಳೆಯಲ್ಲಿರಲಿ.

ದುಡ್ಡನ್ನು ಕಂತಿನಲ್ಲಿ ಕೊಡಿ. ನಾವು ಬ್ಲಾಕ್ ಇಳಿದಾಗ ಒಂದು ಕಂತು, ತಳ ಮುಗಿದಾಗ ಇನ್ನೊಂದು, ಕೆಲಸ ಮುಗಿದಾಗ ಮತ್ತೊಂದು ಕೊಟ್ಟೆವು. ಕೊನೆಯ 5,000 ಒಂದು ದೊಡ್ಡ ಮಳೆ ನೋಡಿದ ಮೇಲೆ ಎಂದು ಬರೆದೆವು. ಮೇಸ್ತ್ರಿ ನಗುತ್ತಲೇ ಒಪ್ಪಿದರು. ತಳ ಮುಚ್ಚುವ ಮೊದಲು ಟೇಪ್ ಇಟ್ಟು ಫೋಟೊ ತೆಗೆದುಕೊಳ್ಳಿ. ಬ್ಲಾಕ್ ಕೂತ ಮೇಲೆ ಕೆಳಗಿನದು ಯಾರಿಗೂ ಕಾಣುವುದಿಲ್ಲ.

ಪಂಚಾಯ್ತಿ ಸಿಸಿ ರಸ್ತೆ ಕಳಪೆಯಾದರೆ ನಮ್ಮ ಜನ ನನಗೆ ಫೋನ್ ಮಾಡುತ್ತಾರೆ. ಅಂದಾಜು ಪಟ್ಟಿ ಎಲ್ಲಿ, ಅಳತೆ ಪುಸ್ತಕ ಎಲ್ಲಿ ಎಂದು ಕೇಳುತ್ತಾರೆ. ಕೇಳಲೇಬೇಕು. ಸ್ವಂತ ಅಂಗಳಕ್ಕೆ ಸಾಲ ಮಾಡಿ ಹಾಕುವ ದುಡ್ಡಿಗೂ ಅದೇ ಲೆಕ್ಕ ಬೇಡವೇ? ರಸ್ತೆ ಎತ್ತರವಾಗಿ ಬಡವರ ಮನೆಗೆ ನೀರು ನುಗ್ಗಿದರೆ ಸುದ್ದಿ ಮಾಡುತ್ತೇವೆ. ನಮ್ಮ ಅಂಗಳದ ನೀರು ಪಕ್ಕದವರ ಗೋಡೆಗೆ ಹೋದರೆ ಅದು ಸುದ್ದಿಯಾಗುವುದಿಲ್ಲ, ಜಗಳವಾಗುತ್ತದೆ.

ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ತೆಂಗಿನ ಪಾತಿ ತುಂಬಿತ್ತು. ಅಪ್ಪ ಕೋಲೂರಿ ಗೇಟಿನವರೆಗೂ ಒಬ್ಬರೇ ಹೋಗಿ ಬಂದರು. ಚಿಕ್ಕಪ್ಪ ಹೊರಗೆ ಬಂದು ತಮ್ಮ ಗೋಡೆಯ ಬುಡ ನೋಡಿ ಒಳಗೆ ಹೋದರು. ಏನೂ ಮಾತಾಡಲಿಲ್ಲ. ಅವತ್ತೇ ಮೇಸ್ತ್ರಿಗೆ ಉಳಿದ 5,000 ಕೊಟ್ಟೆ.

ವಾರದ ಮೇಲೆ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ಕೇಳಿದ: "ಅಣ್ಣ, ಮೇಸ್ತ್ರಿ ನಂಬರ್ ಐತಾ?" ಕಳಿಸಿದೆ. ಜೊತೆಗೆ ನಮ್ಮ ಕರಾರು ಹಾಳೆಯ ಫೋಟೊವನ್ನೂ ಕಳಿಸಿದೆ.