ತಂತಿಯ ಈಚೆ ನಿಂತು

ಕಡಲ ತೀರಕ್ಕೆ ಹೋದ ಮೇಲೆ ಏನಾದರೊಂದು ಮಾಡಲೇಬೇಕು ಎನ್ನುವ ಹಟ ನಮ್ಮ ಜನಕ್ಕಿದೆ. ಸೀರೆಯ ನೆರಿಗೆಯನ್ನೋ ಪ್ಯಾಂಟಿನ ಕಾಲನ್ನೋ ಮೇಲೆತ್ತಿ ನೀರಿಗಿಳಿಯಬೇಕು, ಅಲೆ ಬಂದಾಗ ಕಿರುಚಬೇಕು, ಮರಳಲ್ಲಿ ಹೆಸರು ಬರೆಯಬೇಕು, ಚುರುಮುರಿ ತಿನ್ನಬೇಕು, ಹೊರಡುವಾಗ ಕರವಸ್ತ್ರದ ತುಂಬ ಕಪ್ಪೆಚಿಪ್ಪು ಕಟ್ಟಿಕೊಂಡು ಬರಬೇಕು. ಆ ಚಿಪ್ಪು ಮನೆಗೆ ಬಂದ ಮೇಲೆ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ. ಷೋಕೇಸಿನ ಮೂಲೆಯಲ್ಲಿ ಧೂಳು ತಿಂದು, ಯಾವುದೋ ಹಬ್ಬದ ಮುಂಚೆ ಕಸದ ಜೊತೆ ಹೊರಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್‌ನಲ್ಲಿ ಇದರಲ್ಲಿ ಬಹುಪಾಲು ನಡೆಯುವುದಿಲ್ಲ. ಚಿಪ್ಪು ಆಯುವಂತಿಲ್ಲ, ಕಲ್ಲು ಎತ್ತುವಂತಿಲ್ಲ, ಹೂ ಕೀಳುವಂತಿಲ್ಲ, ನಾಯಿ ತರುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಕಾಲುದಾರಿಗಳ ಅಂಚಿಗೆ ತಗ್ಗಾದ ತಂತಿ ಎಳೆದಿದ್ದಾರೆ. ಚಿಕ್ಕ ಮಗುವೂ ದಾಟಬಹುದಾದ ತಂತಿ. ಯಾರೂ ದಾಟುವುದಿಲ್ಲ. ಹಾಗಾದರೆ ಮಾಡುವುದೇನು? ನಡೆಯುವುದು, ನಿಲ್ಲುವುದು, ನೋಡುವುದು.

ಮಗಳು ಇದನ್ನೆಲ್ಲ ಮೊದಲೇ ಹೇಳಿದ್ದಳು. ಅವಳಿರುವುದು ಸನ್ನಿವೇಲ್‌ನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಎರಡು ತಾಸು ಹೋದರೆ ಮಾಂಟೆರೆ, ಆಮೇಲೆ ಕಾರ್ಮೆಲ್, ಅದನ್ನು ದಾಟುತ್ತಿದ್ದಂತೆ ಒಂದನೇ ನಂಬರಿನ ಹೆದ್ದಾರಿಯ ಬಲಕ್ಕೆ ಈ ಜಾಗ. "ಅಮ್ಮ, ಅಲ್ಲಿ ತಿಂಡಿ ಡಬ್ಬಿ ಬಿಚ್ಚೋದಕ್ಕೂ ಬೇರೆ ಜಾಗ ಮಾಡಿದಾರೆ, ಸಿಕ್ಕಲ್ಲಿ ಕೂತ್ಕೊಂಡು ತಿನ್ನೋ ಹಾಗಿಲ್ಲ" ಎಂದಳು. "ಮಡಿ ಸ್ವಲ್ಪ ಜಾಸ್ತಿಯಾಯ್ತು" ಎಂದರು ನಮ್ಮವರು. ಮೊಸರವಲಕ್ಕಿಯ ಡಬ್ಬಿ ಕಾರಿನಲ್ಲೇ ಉಳಿಯಿತು.

ಏಪ್ರಿಲ್ ತಿಂಗಳು. ಬಿಸಿಲಿತ್ತು, ಆದರೆ ಗಾಳಿ ಕಿವಿ ಹಿಂಡುತ್ತಿತ್ತು. ಇಲ್ಲಿಯ ಕಡಲು ನಮ್ಮ ಪಡುವಣ ಕಡಲಿನಂತೆ ಬೆಚ್ಚಗಿನದಲ್ಲ. ದಡಕ್ಕೆ ಹತ್ತಿರದಲ್ಲೇ ನೀರಿನೊಳಗೆ ಒಂದು ದೊಡ್ಡ ಕಮರಿಯಿದೆ. ವಸಂತದ ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳಿದಂತೆ ಆಳದ ಕೊರೆಯುವ ನೀರು ಮೇಲೇರುತ್ತದೆ. ಅದರ ಜೊತೆ ಬರುವ ಸತ್ವವೇ ಇಲ್ಲಿನ ಪಾಚಿಗೆ, ಮೀನಿಗೆ, ಹಕ್ಕಿಗೆ, ತಿಮಿಂಗಿಲಕ್ಕೆ ಅನ್ನ. ಮೈ ನಡುಗಿಸುವ ಆ ಚಳಿ ಇಲ್ಲದಿದ್ದರೆ ನೋಡಲು ಇಷ್ಟೊಂದು ಇರುತ್ತಿರಲಿಲ್ಲ ಎಂದು ಅಳಿಯ ಹೇಳಿದ. ನಾನು ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡೆ.

ದಾರಿ ಕಷ್ಟದ್ದೇನಲ್ಲ. ಕುದುರೆಮುಖ ಹತ್ತಿದವರ ಮುಂದೆ ಇದನ್ನು ಚಾರಣ ಎಂದರೆ ನಕ್ಕಾರು. ಚಿಕ್ಕ ಚಿಕ್ಕ ದಾರಿಗಳು ಒಂದಕ್ಕೊಂದು ಕೂಡಿಕೊಂಡು ಬಂಡೆಯಿಂದ ಬಂಡೆಗೆ, ಕೊಲ್ಲಿಯಿಂದ ಕೊಲ್ಲಿಗೆ ಕರೆದೊಯ್ಯುತ್ತವೆ. ತಂತಿಯಾಚೆ ಮೂರು ಮೂರು ಎಲೆಯ, ಎಳೆಯದರಲ್ಲಿ ಕೆಂಪಗೆ ಹೊಳೆಯುವ ಒಂದು ಪೊದೆ ಎಲ್ಲೆಲ್ಲೂ ಇತ್ತು. ಚೆಂದವಾಗಿದೆ ಎನ್ನುವಷ್ಟರಲ್ಲಿ ಮಗಳು "ಪಾಯ್ಸನ್ ಓಕ್ ಅಮ್ಮ, ತಗುಲಿದರೆ ವಾರಗಟ್ಟಲೆ ತುರಿಕೆ" ಎಂದಳು. ಮಾವು, ಗೇರು ಇವುಗಳ ಕುಟುಂಬದ್ದೇ ಗಿಡವಂತೆ. ನಮ್ಮ ಮಲೆನಾಡಿನ ಚೇರಿನ ಮರವೂ ಅದೇ ಕುಟುಂಬ. ಚೇರಿನ ಸೊನೆ ತಾಗಿ ಮುಖ ಊದಿಸಿಕೊಂಡವರನ್ನು ಚಿಕ್ಕಂದಿನಲ್ಲಿ ಕಂಡಿದ್ದ ನನಗೆ ಆಮೇಲೆ ತಂತಿಯ ಬಗ್ಗೆ ಯಾರೂ ಬುದ್ಧಿ ಹೇಳಬೇಕಾಗಲಿಲ್ಲ.

ಮೊದಲು ಹೋದದ್ದು ಸೈಪ್ರೆಸ್ ತೋಪಿಗೆ. ಮಾಂಟೆರೆ ಸೈಪ್ರೆಸ್ ತಾನಾಗಿಯೇ ಬೆಳೆಯುವುದು ಇಡೀ ಭೂಮಿಯ ಮೇಲೆ ಎರಡೇ ಕಡೆ: ಇಲ್ಲಿ, ಮತ್ತು ಕೊಲ್ಲಿಯಾಚೆ ಎದುರಿಗೇ ಕಾಣುವ ಸೈಪ್ರೆಸ್ ಪಾಯಿಂಟ್ ಸುತ್ತಿನಲ್ಲಿ. ಜನ ನೆಟ್ಟದ್ದು ಬೇಕಾದಷ್ಟಿದೆ. ನ್ಯೂಜಿಲೆಂಡಿನ ಹೊಲಗಳಲ್ಲಿ ಗಾಳಿ ತಡೆಯಲು ಸಾಲುಸಾಲಾಗಿ ಇದನ್ನೇ ನೆಟ್ಟಿದ್ದಾರೆ. ಆದರೆ ಕಡಲಿಗೆ ಮುಖ ಕೊಟ್ಟು, ಬರಿಯ ಬಂಡೆಯ ಬಿರುಕಿಗೆ ಬೇರು ತೂರಿಸಿ, ಗಾಳಿ ಬೀಸಿದ ದಿಕ್ಕಿಗೆ ಮೈಯೆಲ್ಲ ಬಾಗಿಸಿಕೊಂಡು ನಿಂತ ಮರವನ್ನು ನೋಡಬೇಕೆಂದರೆ ಇಲ್ಲಿಗೇ ಬರಬೇಕು. ಒಂದು ಇಳಿಜಾರಿನಲ್ಲಿ ಮರಗಳ ಕೊಂಬೆಗಳೂ ಅಡಿಯ ಬಂಡೆಗಳೂ ಕೇಸರಿ ಬಣ್ಣಕ್ಕಿದ್ದವು. "ಅಜ್ಜಿ, ಯಾರು ಪೇಂಟ್ ಹೊಡೆದಿದ್ದು?" ಎಂದ ಮೊಮ್ಮಗ. ಅದು ಒಂದು ಬಗೆಯ ಪಾಚಿ. ಹುಟ್ಟಿನಿಂದ ಹಸಿರು ಪಾಚಿಯೇ, ಆದರೆ ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನ್ ಮೈತುಂಬ ಇರುವುದರಿಂದ ಹಸಿರು ಕಾಣುವುದಿಲ್ಲ. ಮರಕ್ಕೆ ಅದರಿಂದ ತೊಂದರೆಯೇನೂ ಇಲ್ಲ. ಪಕ್ಕದ ಒಣಗಿದ ರೆಂಬೆಗಳಿಂದ ನಸುಹಸಿರು ಜಾಲರಿಯೊಂದು ಜೋತಾಡುತ್ತಿತ್ತು. ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ನೆಂಟ. ಈ ಜಾಲರಿ 2016ರಿಂದ ಕ್ಯಾಲಿಫೋರ್ನಿಯಾ ರಾಜ್ಯದ ಅಧಿಕೃತ ಕಲ್ಲುಹೂವು! ರಾಜ್ಯಕ್ಕೊಂದು ಹಕ್ಕಿ, ಪ್ರಾಣಿ, ಮರ ಇರುವುದು ಗೊತ್ತಿತ್ತು. ಕಲ್ಲುಹೂವನ್ನೂ ಬಿಡದ ಇವರ ಅಚ್ಚುಕಟ್ಟುತನಕ್ಕೆ ಏನನ್ನೋಣ.

ಸೀ ಲಯನ್ ಪಾಯಿಂಟಿನ ಕಡೆ ಹೊರಳಿದಾಗ ಕಡಲಸಿಂಹಗಳ ಬೊಗಳು ಮೊದಲು ಕಿವಿಗೆ ಬಿತ್ತು, ಆಮೇಲೆ ಆಚೆಯ ಬಂಡೆಗಳ ಮೇಲೆ ಅವುಗಳ ಕಂದು ಮೈ ಕಣ್ಣಿಗೆ ಬಿತ್ತು. ಜಗಳವೋ ಮಾತುಕತೆಯೋ ತಿಳಿಯಲಿಲ್ಲ, ನಿಲ್ಲಿಸಲಂತೂ ಇಲ್ಲ. ಕಡಲ ನೀರುನಾಯಿ ಮಾತ್ರ ಸದ್ದಿಲ್ಲದೆ ಸಿಕ್ಕಿತು. ತಿರುವಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಮುಕ್ಕಾಲಿಯ ಮೇಲೆ ಟೆಲಿಸ್ಕೋಪ್ ಹೂಡಿಕೊಂಡು ನಿಂತಿದ್ದರು. ಇಲ್ಲಿಯ ಸ್ವಯಂಸೇವಕಿ. ಸಂಬಳವಿಲ್ಲ, ಹೋಗಿಬರುವವರನ್ನು ಕರೆದು ಕರೆದು ತೋರಿಸುವುದೇ ಕೆಲಸ. ತನಗೆ ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸದಿದ್ದರೆ ನಿದ್ದೆ ಬಾರದ ಜಾತಿಯವರು. ನಮ್ಮವರು ಬಗ್ಗಿ ಕಣ್ಣಿಟ್ಟವರೇ "ಇಲ್ಲಿ ಬಾರೇ, ಊಟಕ್ಕೆ ಕೂತಿದೆ" ಎಂದು ಕೂಗಿದರು.

ಕೂತಿರಲಿಲ್ಲ, ಮಲಗಿತ್ತು. ಕೊಳವೆಯೊಳಗೆ ಮೊದಲು ಕಂಡದ್ದು ಕೆಲ್ಪ್ ಎಂಬ ಕಡಲಪಾಚಿಯ ಕಂದು ಪಟ್ಟಿಗಳು. ತಳದ ಬಂಡೆಗೆ ಅಂಟಿಕೊಂಡು, ಅನುಕೂಲವಿದ್ದರೆ ದಿನಕ್ಕೆ ಒಂದಡಿ ಬೆಳೆಯುತ್ತ, ಮೇಲೆ ಬಂದು ಹಾಸಿಕೊಳ್ಳುವ ಪಾಚಿ ಅದು. ಆ ಹಾಸಿನ ನಡುವೆ ಮೀಸೆಯ ಬಿಳಿಚು ಮುಖ. ಬೆನ್ನು ನೀರಿಗೆ, ಹೊಟ್ಟೆ ಆಕಾಶಕ್ಕೆ, ಹಿಂಗಾಲೆರಡೂ ನೀರಿನಿಂದ ಹೊರಗೆ. ಎದೆಯ ಮೇಲೊಂದು ಚಪ್ಪಟೆ ಕಲ್ಲು. ಎರಡೂ ಕೈಯಲ್ಲಿ ಚಿಪ್ಪೊಂದನ್ನು ಹಿಡಿದು ಆ ಕಲ್ಲಿಗೆ ಕುಟ್ಟುತ್ತದೆ, ನಿಲ್ಲಿಸಿ ನೋಡುತ್ತದೆ, ಮತ್ತೆ ಕುಟ್ಟುತ್ತದೆ. ಗಾಳಿ ತುಸು ನಿಂತಾಗ ಟಕ್ ಟಕ್ ಸದ್ದು ದಡದವರೆಗೂ ಕೇಳಿತು. ಹಬ್ಬದೂಟ ಮುಗಿಸಿ ಜಗುಲಿಯಲ್ಲಿ ಅಂಗಾತ ಬಿದ್ದುಕೊಂಡು, ಎದೆಯ ಮೇಲೆ ಹರಿವಾಣ ಇಟ್ಟುಕೊಂಡು ಅಡಕೆ ಕತ್ತರಿಸುತ್ತಿದ್ದ ನಮ್ಮ ದೊಡ್ಡಪ್ಪ ನೆನಪಾದರು. ಚಿಪ್ಪು ಒಡೆಯಿತು. ತಿಂದಾದ ಮೇಲೆ ಅದು ಒಂದು ಸುತ್ತು ಉರುಳಿ, ಮೈಮೇಲೆ ಬಿದ್ದ ಚೂರುಗಳನ್ನು ತೊಳೆದುಕೊಂಡು, ಮತ್ತೆ ಅಂಗಾತವಾಯಿತು. ಕಲ್ಲು ಎಲ್ಲಿ ಹೋಯಿತು? ಕಂಕುಳಲ್ಲಿ ಸಡಿಲ ಚರ್ಮದ ಕಿಸೆಯೇ ಇದೆಯಂತೆ. ಕಲ್ಲನ್ನೂ ಹಿಡಿದ ತಿಂಡಿಯನ್ನೂ ಅಲ್ಲಿಟ್ಟುಕೊಂಡು ಮುಳುಗುತ್ತದೆ.

ಆ ಸ್ವಯಂಸೇವಕಿ ಹೇಳುತ್ತ ಹೋದರು, ಮಗಳು ಅಲ್ಲಲ್ಲಿ ಕನ್ನಡ ಮಾಡಿದಳು. ತಿಮಿಂಗಿಲಕ್ಕೂ ಸೀಲಿಗೂ ಚರ್ಮದಡಿ ದಪ್ಪನೆಯ ಕೊಬ್ಬಿದೆ, ಇದಕ್ಕಿಲ್ಲ. ಚಳಿಗೆ ಇರುವ ಆಸರೆ ತುಪ್ಪಳ ಒಂದೇ. ಚದರ ಅಂಗುಲಕ್ಕೆ ಹತ್ತು ಲಕ್ಷದವರೆಗೂ ಕೂದಲು. ಮನುಷ್ಯನ ಇಡೀ ತಲೆಯಲ್ಲಿರುವುದು ಸುಮಾರು ಒಂದು ಲಕ್ಷ. ನಮ್ಮವರು ಟೋಪಿ ಸರಿಮಾಡಿಕೊಂಡರು. ಮೈ ಬೆಚ್ಚಗಿರಲು ದಿನವೂ ತನ್ನ ತೂಕದ ಕಾಲುಭಾಗದಷ್ಟು ತಿನ್ನಬೇಕು. ಸೀ ಅರ್ಚಿನ್ ಎಂಬ ಮುಳ್ಳುಮೈಯ ಜೀವಿ ಇದಕ್ಕೆ ಬಲು ಇಷ್ಟ. ನೇರಳೆ ಬಣ್ಣದವನ್ನು ತಿಂದು ತಿಂದು ಕೆಲವು ನೀರುನಾಯಿಗಳ ಹಲ್ಲು, ಮೂಳೆಗಳಿಗೂ ನೇರಳೆ ಬಣ್ಣ ಹತ್ತಿರುತ್ತದೆ. ಆ ಸೀ ಅರ್ಚಿನ್‌ಗಳನ್ನು ಯಾರೂ ತಿನ್ನದೆ ಬಿಟ್ಟರೆ ಅವು ಕೆಲ್ಪ್ ಕಾಡನ್ನು ಬುಡದಿಂದ ಮೇಯ್ದು ಬೋಳು ಮಾಡಿಬಿಡುತ್ತವೆ. ಅಂಗಾತ ಮಲಗಿದ ಈ ಸೋಮಾರಿಯ ಊಟದಿಂದ ಅಡಿಯಲ್ಲೊಂದು ಕಾಡು ಉಳಿದಿದೆ.

ನಮ್ಮಲ್ಲೂ ನೀರುನಾಯಿಗಳಿವೆ. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರನ್ನು 2015ರಲ್ಲಿ ಅವಕ್ಕಾಗಿಯೇ ಮೀಸಲು ಎಂದು ಸಾರಿದ್ದಾರೆ. ಹಂಪಿಯಲ್ಲಿ ನದಿಯ ಬಂಡೆಗಳ ನಡುವೆ ಎರಡು ತಲೆ ಎದ್ದು ಮುಳುಗಿದ್ದನ್ನು ನಾನು ನೋಡಿದ್ದೇನೆ. ಅವು ಮೀನು ಹಿಡಿದು ಬಂಡೆಗೆ ಹತ್ತಿ ತಿನ್ನುತ್ತವೆ. ಕಡಲಿನದು ಊಟ, ನಿದ್ದೆ, ಬಾಣಂತನ ಎಲ್ಲವನ್ನೂ ನೀರಿನ ಮೇಲೇ ಮುಗಿಸುತ್ತದೆ; ಬೇಟೆಗೆ ಮುಳುಗುವ ಮುಂಚೆ ಮರಿ ತೇಲಿಹೋಗದಂತೆ ಕೆಲ್ಪ್ ಪಟ್ಟಿ ಸುತ್ತಿ ಕಟ್ಟಿಹಾಕುವುದೂ ಉಂಟು.

ಆ ತುಪ್ಪಳವೇ ಅದಕ್ಕೆ ಶತ್ರುವಾಯಿತು. ಹದಿನೆಂಟನೆಯ ಶತಮಾನದಿಂದ ರಷ್ಯನ್ನರು, ಸ್ಪ್ಯಾನಿಷರು, ಅಮೆರಿಕನ್ನರು ಪೈಪೋಟಿಯ ಮೇಲೆ ಕೊಂದು ಚರ್ಮವನ್ನು ಚೀನಾದ ಕ್ಯಾಂಟನ್ ಪೇಟೆಗೆ ಸಾಗಿಸಿದರು. 1911ರಲ್ಲಿ ನಾಲ್ಕು ದೇಶಗಳು ಕೂತು ಬೇಟೆ ನಿಲ್ಲಿಸುವ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಂತತಿ ಮುಗಿದೇಹೋಯಿತು ಎಂದುಕೊಂಡಿದ್ದರು. 1938ರಲ್ಲಿ, ಇಲ್ಲಿಂದ ದಕ್ಷಿಣಕ್ಕೆ ಬಿಕ್ಸ್‌ಬಿ ಹೊಳೆ ಕಡಲು ಸೇರುವಲ್ಲಿ ಒಬ್ಬಾತ ತನ್ನ ಟೆಲಿಸ್ಕೋಪನ್ನು ಪರೀಕ್ಷಿಸುತ್ತಿದ್ದಾಗ ಕೆಲ್ಪ್ ನಡುವೆ ಒಂದು ಹಿಂಡೇ ಕಂಡಿತು. ಐವತ್ತರಷ್ಟಿದ್ದವು. ಈಗ ಈ ಕರಾವಳಿಯುದ್ದಕ್ಕೂ ಸುಮಾರು ಮೂರು ಸಾವಿರ ಇವೆ. ನಮ್ಮ ಊಟಗಾರನೂ ಆ ಹಿಂಡಿನ ವಂಶದ್ದೇ.

ವೇಲರ್ಸ್ ಕೋವ್ ಎಂಬ ಒಳಕೊಲ್ಲಿಯಲ್ಲಿ ಒಂದು ಮರದ ಗುಡಿಸಲಿದೆ. 1850ರ ದಶಕದಲ್ಲಿ ಚೀನೀ ಮೀನುಗಾರರು ಕಟ್ಟಿದ್ದು. ಈಗ ಪುಟ್ಟ ವಸ್ತುಸಂಗ್ರಹಾಲಯ. ಅದರ ನೆಲದ ಹಲಗೆಗಳಿಗೆ ಅಡಿಯಲ್ಲಿ ಆಧಾರ ಕೊಟ್ಟಿರುವುದು ತಿಮಿಂಗಿಲದ ಬೆನ್ನುಮೂಳೆ. ಹೊರಗೆ ಕಬ್ಬಿಣದ ಕೊಪ್ಪರಿಗೆಗಳು. ಆಲೆಮನೆ ಕಂಡ ಕಣ್ಣಿಗೆ ಕೊಪ್ಪರಿಗೆ ಎಂದರೆ ಬೆಲ್ಲ. ಇವುಗಳಲ್ಲಿ ಬೇಯುತ್ತಿದ್ದುದು ತಿಮಿಂಗಿಲದ ಕೊಬ್ಬು. 1860ರ ದಶಕದಲ್ಲಿ ಅಜೋರ್ಸ್ ದ್ವೀಪಗಳಿಂದ ಬಂದ ಪೋರ್ಚುಗೀಸರು ದಡದಲ್ಲಿ ಕಾವಲು ಕೂತು, ತಿಮಿಂಗಿಲ ಕಂಡೊಡನೆ ದೋಣಿ ಹತ್ತುತ್ತಿದ್ದರು. ಸೀಮೆಎಣ್ಣೆ ಬಂತು, ತಿಮಿಂಗಿಲದೆಣ್ಣೆಗೆ ಬೆಲೆ ಬಿತ್ತು, ಕೊಪ್ಪರಿಗೆ ತಣ್ಣಗಾಯಿತು. ಕಲ್ಲುಗಣಿಯೂ ಇಲ್ಲಿತ್ತು. ಕಲ್ಲಿದ್ದಲನ್ನು ಇಲ್ಲಿಂದಲೇ ಹಡಗಿಗೆ ತುಂಬುತ್ತಿದ್ದರು. ಜಪಾನಿನಿಂದ ಬಂದ ಗೆನ್ನೊಸುಕೆ ಕೊಡಾನಿ ಎಂಬವರು ಅಲೆಕ್ಸಾಂಡರ್ ಅಲನ್ ಜೊತೆ ಸೇರಿ ಅಬಲೋನ್ ಚಿಪ್ಪುಜೀವಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆ ನಡೆಸಿದರು. ಇವರೆಲ್ಲರಿಗಿಂತ ಸಾವಿರಾರು ವರ್ಷ ಮುಂಚೆಯಿಂದ ಇದೇ ಅಬಲೋನ್ ತಿಂದು ಬದುಕಿದವರು ಇಲ್ಲಿನ ಮೂಲನಿವಾಸಿ ರಮ್ಸೆನ್ ಜನ.

ನನಗೆ ಅತಿ ಹತ್ತಿರವೆನ್ನಿಸಿದ ಸಂಗತಿ ಬೇರೆ. 1890ರ ದಶಕದಲ್ಲಿ ಈ ಜಾಗವನ್ನು ಸೈಟು ಮಾಡಿ ಮಾರಲು ಹೊರಟಿದ್ದರು! ನಕ್ಷೆ ಬರೆದು, ಬೀದಿ ಗುರುತಿಸಿ, ಬಡಾವಣೆಗೆ ಹೆಸರಿಟ್ಟು, ಕೆಲವು ಸೈಟು ಮಾರಿಯೂ ಆಗಿತ್ತು. 1898ರಲ್ಲಿ ಜಾಗ ಕೊಂಡ ಅಲನ್, ಮಾರಿಹೋದ ಸೈಟುಗಳನ್ನು ಒಂದೊಂದಾಗಿ ವಾಪಸು ಕೊಂಡುಕೊಳ್ಳುತ್ತ ಹೋದರು. ಮನುಷ್ಯ ಸೈಟು ಮಾಡುವುದನ್ನು ಕಂಡಿದ್ದೇನೆ, ಸೈಟನ್ನು ಮತ್ತೆ ಕಾಡು ಮಾಡಿದವರ ಕಥೆ ಕೇಳಿದ್ದು ಇದೇ ಮೊದಲು. ಅವರ ಕಾಲಾನಂತರ 1933ರಲ್ಲಿ ಜಾಗ ರಾಜ್ಯದ ಕೈಸೇರಿತು. 1960ರಲ್ಲಿ ಪಕ್ಕದ ಕಡಲನ್ನೂ ಮೀಸಲಿಗೆ ಸೇರಿಸಿದರು. ನೀರಿನೊಳಗಿನ ಇಂಥ ಮೀಸಲು ಆ ದೇಶದಲ್ಲಿ ಅದೇ ಮೊದಲನೆಯದು.

ದೂರದ ಬೆಟ್ಟ ನುಣ್ಣಗೆ ಎಂಬ ಮಾತನ್ನು ನಾವು ಮೋಸಹೋದವರನ್ನು ಕುರಿತೇ ಆಡುತ್ತೇವೆ. ನನಗಂತೂ ದೂರವೇ ಹಿತವೆನ್ನಿಸುವ ವಯಸ್ಸು ಬಂದಿದೆ. ಸಫಾರಿಯಲ್ಲಿ ಒಂದು ಹುಲಿ ಕಂಡರೆ ಎಂಟು ಜೀಪುಗಳು ಬಂದು ಮುತ್ತುವುದನ್ನೂ, ಹುಲಿ ಮುಖ ತಿರುಗಿಸಿಕೊಂಡು ಪೊದೆ ಸೇರುವುದನ್ನೂ ನೋಡಿದ್ದೇನೆ. ಹತ್ತಿರ ಹೋಗಿ ಕಂಡದ್ದು ಹುಲಿಯ ಬೆನ್ನು. ಇಲ್ಲಿ ಚೈನಾ ಕೋವ್ ಎಂಬ ಪಚ್ಚೆನೀರಿನ ಕೊಲ್ಲಿಯನ್ನು ಮೇಲಿನಿಂದ ಬಗ್ಗಿ ನೋಡಿದೆವು. ಕೆಳಗಿನ ಮರಳಲ್ಲಿ ತಾಯಿ ಸೀಲುಗಳು, ಪಕ್ಕದಲ್ಲಿ ಮರಿಗಳು. ಏಪ್ರಿಲ್, ಮೇ ಅವುಗಳ ಹೆರಿಗೆಯ ಕಾಲ. ಹುಟ್ಟಿದ ಮರಿಗೆ ಈಜು ಬರುತ್ತದೆ, ಆದರೆ ನಾಲ್ಕರಿಂದ ಆರು ವಾರ ಹಾಲು ಬೇಕು. ಜನ ಹತ್ತಿರ ಹೋದರೆ ತಾಯಿ ಬೆದರಿ ನೀರಿಗೆ ಬೀಳುತ್ತದೆ, ಹಾಲು ತಪ್ಪುತ್ತದೆ. ಒಂದು ಮರಿ ತಾಯಿಯ ಬೆನ್ನು ಹತ್ತಲು ನೋಡಿ ಜಾರಿತು, ಮತ್ತೆ ಹತ್ತಿತು, ಮತ್ತೆ ಜಾರಿತು. ತಾಯಿ ಕಣ್ಣೇ ತೆರೆಯಲಿಲ್ಲ. ನಾವು ಇದ್ದೇವೆಂಬುದು ಅವುಗಳಿಗೆ ಗೊತ್ತೇ ಇರಲಿಲ್ಲ, ಅಥವಾ ಲೆಕ್ಕಕ್ಕಿರಲಿಲ್ಲ. ಎರಡೂ ನನಗೆ ಒಪ್ಪಿಗೆ.

ಎದುರಿನ ಬಂಡೆದ್ವೀಪದ ತುಂಬ ನೀರುಕಾಗೆಗಳ ಗೂಡು. ಗಂಡುಗಳು ಕತ್ತು ಹಿಂದಕ್ಕೆ ಚಾಚಿ, ಗಂಟಲಿನ ಕಡುನೀಲಿ ಚೀಲವನ್ನು ಮೆರೆಸುತ್ತ ಹೆಣ್ಣುಗಳನ್ನು ಒಲಿಸುವುದರಲ್ಲಿದ್ದವು. ಅಲ್ಲಿಯೇ ತಂತಿಯ ಅಂಚಿಗೆ ಒಂದಷ್ಟು ಜನ ಪಡುವಣಕ್ಕೆ ಮುಖಮಾಡಿ ನಿಂತಿದ್ದರು. ಬೂದು ತಿಮಿಂಗಿಲಗಳ ದಾರಿ ಕಾಯುತ್ತಿದ್ದಾರೆ ಎಂದಳು ಮಗಳು. ಮೆಕ್ಸಿಕೋದ ಬೆಚ್ಚನೆಯ ಕೊಲ್ಲಿಗಳಲ್ಲಿ ಹೆತ್ತು, ಆರ್ಕ್‌ಟಿಕ್‌ನ ಮೇವಿಗೆ ಹೊರಟವು. ಹೋಗಿಬರುವ ದಾರಿ ಹದಿನಾರು ಸಾವಿರ ಕಿಲೋಮೀಟರಿಗೂ ಹೆಚ್ಚು. ಮರಿ ಜೊತೆಗಿರುವ ತಾಯಿಗಳು ಎಲ್ಲಕ್ಕಿಂತ ಕೊನೆಗೆ, ದಡಕ್ಕೆ ಒತ್ತಿಕೊಂಡೇ ಬರುತ್ತವೆ. ದೂರದ ನೀರಿನಲ್ಲಿ ಓರ್ಕಾಗಳ ಭಯ. ನಾವೂ ಸಾಲಿನಲ್ಲಿ ನಿಂತೆವು. ಬಹಳ ಹೊತ್ತು ಬರಿಯ ಅಲೆ. ಆಮೇಲೆ ಕೆಲ್ಪ್‌ನ ಅಂಚಿನಾಚೆ ಒಂದು ಉಸಿರು ಹೊಗೆಯಾಗಿ ಎದ್ದಿತು, ಅದರ ಪಕ್ಕದಲ್ಲೇ ಕುಳ್ಳಗೆ ಇನ್ನೊಂದು. ಸಾಲಿನುದ್ದಕ್ಕೂ ಗುರುತು ಪರಿಚಯವಿಲ್ಲದವರೆಲ್ಲ ಒಬ್ಬರಿಗೊಬ್ಬರು ಕೈ ತೋರಿಸಿಕೊಂಡರು.

ನಾನು ನೋಡಿದ್ದು ಎರಡು, ತಾಯಿ ಮತ್ತು ಮರಿ. ಮಗಳು, ಅಳಿಯ, ಮೊಮ್ಮಗ ಎಲ್ಲರ ಲೆಕ್ಕವೂ ಎರಡೇ. ಹಿಂದೆ ಇನ್ನೊಂದಿತ್ತು, ಬಾಲವನ್ನೇ ಕಂಡೆ ಎಂದರು ನಮ್ಮವರು. "ಮಾವ, ಅದು ಬಂಡೆ ಇರಬೇಕು" ಎಂದ ಅಳಿಯ ಮೆತ್ತಗೆ. "ಬಂಡೆ ಮುಳುಗುತ್ತೇನಪ್ಪಾ?" ಎಂದು ಇವರು. ಪಿಕ್‌ನಿಕ್ ಮೇಜಿನ ಮೇಲೆ ಮೊಸರವಲಕ್ಕಿ ಮುಗಿಯುವವರೆಗೂ ಅದೇ ಮಾತು. ವಾಪಸು ಹೋಗುವಾಗ ಬೆಳ್ಳುಳ್ಳಿಗೆ ಹೆಸರಾದ ಗಿಲ್ರಾಯ್ ಬಂತು, ಕಾರಿನೊಳಗೆಲ್ಲ ಬೆಳ್ಳುಳ್ಳಿಯ ಘಾಟು ತುಂಬಿಕೊಂಡಿತು, ಕಿಟಕಿ ಏರಿಸಿದೆವು. ಇವರು ಮೂರನೆಯ ತಿಮಿಂಗಿಲವನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.